ಪ್ರತಿಕ್ರಿಯೆ: ಪಶು ಆಸ್ಪತ್ರೆಯಲ್ಲಿ ರಜೆಯ ಕಲಿಕೆ

ಪಶುವೈದ್ಯಕೀಯ ಪದವಿಗೆ ಅರ್ಜಿ ಹಾಕುವ ಮೊದಲು, ಪಿಯುಸಿ ರಜೆಯಲ್ಲಿ ಊರಿನ ಪಶು ಆಸ್ಪತ್ರೆಯಲ್ಲಿ ನೆರವಾಗುವುದರಿಂದ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ, ಆದರೆ ಚಿಕಿತ್ಸೆ ಮಾಡುವ ಅವಕಾಶ ಸಿಗುತ್ತದೆಂದು ನಿರೀಕ್ಷಿಸಬೇಡಿ, ಸಿಗಲೂಬಾರದು. ನಾನು ಹೀಗೆ ನೆರವಾಗುತ್ತಿದ್ದಾಗ ಮಾಡಿದ್ದು ಹೆಚ್ಚಾಗಿ ದನ ಹಿಡಿದು ನಿಲ್ಲಿಸುವುದು, ನೆಲ ತೊಳೆಯುವುದು, ದಾಖಲೆ ಪುಸ್ತಕ ತುಂಬುವುದು ಮತ್ತು ಜ್ವರ ನೋಡುವುದು.

ಹಸುವಿನ ಸಹಜ ತಾಪಮಾನ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಎಂಬುದನ್ನು ಪುಸ್ತಕದಿಂದಲೂ ಕಲಿಯಬಹುದು. ಆದರೆ ಮೇವು ಬಿಟ್ಟದ್ದು ಯಾವಾಗ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ, ನಿನ್ನೆ ಹಿಂಡಿಯನ್ನೋ ಉಳಿದ ಅನ್ನವನ್ನೋ ಹೆಚ್ಚಾಗಿ ಹಾಕಿದ್ದರೇ ಎಂದು ವೈದ್ಯರು ಒಂದೊಂದಾಗಿ ಕೇಳುತ್ತ, ಎಡಪಕ್ಕೆಯ ಹಳ್ಳದ ಮೇಲೆ ಕೈಯಿಟ್ಟು ಹೊಟ್ಟೆಯ ಚಲನೆಯನ್ನು ಗಮನಿಸುತ್ತ, ಮಾತನಾಡಲಾರದ ರೋಗಿಯ ಕಾಯಿಲೆಯನ್ನು ಗುರುತಿಸುವ ಬಗೆಯನ್ನು ಪಕ್ಕದಲ್ಲಿ ನಿಂತೇ ನೋಡಬೇಕು. ರೈತರು ಸಂಕೋಚದಿಂದ ಮೊದಲಿಗೆ ಹೇಳದಿರುವ ಸಂಗತಿಯೇ ಅನೇಕ ಬಾರಿ ಮುಖ್ಯವಾಗಿರುತ್ತದೆ.

ಪದವಿಯ ಅವಧಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆದ್ದರಿಂದ ರಕ್ತ, ಕೀವು, ವಾಸನೆಗಳನ್ನು ಸಹಿಸಬಲ್ಲಿರಾ ಎಂಬುದನ್ನು ಈಗಲೇ ತಿಳಿಯುವುದು ಲೇಸು. ಪಶು ಆಸ್ಪತ್ರೆಯಲ್ಲಿ ನೆರವಾಗಲು ಹೋಗುವ ಮುನ್ನ ವೈದ್ಯರ ಸಲಹೆಯಂತೆ ರೇಬೀಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಿ. ಗರ್ಭಪಾತವಾದ ಹಸುವಿನ ಭ್ರೂಣವನ್ನಾಗಲಿ ಮಾಸನ್ನಾಗಲಿ ಬರಿಗೈಯಲ್ಲಿ ಎಂದಿಗೂ ಮುಟ್ಟಬೇಡಿ, ಏಕೆಂದರೆ ದನಗಳಲ್ಲಿ ಗರ್ಭಪಾತ ಉಂಟುಮಾಡುವ ಬ್ರುಸೆಲ್ಲೋಸಿಸ್ ಎಂಬ ಸೋಂಕು ರೋಗ ಮನುಷ್ಯರಿಗೂ ಹರಡುತ್ತದೆ.