ನಗರದ ಅರಮನೆ ಎಲ್ಲಿ ಹೋಯಿತು?

ಪತ್ರ: ಹಿಡ್ಲುಮನೆ ಜಲಪಾತ ನೋಡಿಕೊಂಡು ಬರುವಾಗ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಬಿದನೂರು ನಗರ ಎಂಬ ಊರಿನ ಕೋಟೆಗೂ ಹೋಗಿದ್ದೆವು. ಒಳಗೆ ಕೆಳದಿ ಅರಸರ ಅರಮನೆ ಇದೆ ಅಂದಿದ್ದರು. ಕಂಡದ್ದು ಒಂದಷ್ಟು ಕಲ್ಲಿನ ಜಗಲಿ, ಮೇಲೆ ಹುಲ್ಲು. ವಿವರಿಸುವವರೂ ಯಾರೂ ಸಿಗಲಿಲ್ಲ. ಮಕ್ಕಳಿಗೆ ಏನು ಹೇಳಲಿ? ಈ ಅರಮನೆಯನ್ನು ಮತ್ತೆ ಕಟ್ಟಿಸಬಾರದೇ?
ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಮತ್ತೆ ಕಟ್ಟುವ ಮಾತು ಮಾತ್ರ ಬೇಡ ಸ್ವಾಮಿ. ಕಟ್ಟಿದರೆ ಅದು ಹೊಸ ಸಿಮೆಂಟ್ ಕಟ್ಟಡ ಆದೀತೇ ಹೊರತು ಕೆಳದಿಯವರ ಅರಮನೆ ಆಗುವುದಿಲ್ಲ.

ಮಲೆನಾಡಿನ ಅರಮನೆ ಅಂದರೆ ಬಹುಪಾಲು ಮರ, ಮಣ್ಣು. ಕಲ್ಲು ಇದ್ದದ್ದು ಜಗಲಿಗೆ, ಅಡಿಪಾಯಕ್ಕೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದಾದ ಹುಲಿಕಲ್ ಇರುವುದೂ ಇದೇ ಹೊಸನಗರ ತಾಲ್ಲೂಕಿನಲ್ಲಿ. ಇಂಥ ಕಡೆ ಸೂರು ಹೋದ ಮೇಲೆ ಮರ ಎಷ್ಟು ದಿನ ಬಾಳೀತು? ಮಳೆಗಿಂತ ಮೊದಲೇ ಬೆಂಕಿಯೂ ಬಿದ್ದಿತ್ತು. 1763ರಲ್ಲಿ ಹೈದರ್ ಅಲಿ ಮುತ್ತಿದಾಗ ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಹಚ್ಚಿಸಿ ತಪ್ಪಿಸಿಕೊಂಡರು ಎಂದು ಇತಿಹಾಸದಲ್ಲಿ ಓದುತ್ತೇವೆ. ಹೈದರ್ ಬೆಂಕಿ ಆರಿಸಿ ಊರು ಹಿಡಿದ, ಅದಕ್ಕೆ ತನ್ನ ಹೆಸರೇ ಇಟ್ಟ. ಇಪ್ಪತ್ತು ವರ್ಷ ಕಳೆದು, 1783ರಲ್ಲಿ, ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೇನೆ ಬಂತು. ಅದೇ ವರ್ಷ ಟಿಪ್ಪು ಮತ್ತೆ ಗೆದ್ದುಕೊಂಡ. ಇಷ್ಟೆಲ್ಲ ಆದಮೇಲೆ ಜಗಲಿ ಉಳಿದದ್ದೇ ದೊಡ್ಡದು, ಅಲ್ವಾ?

ಆ ಜಗಲಿಯನ್ನು ಸುಮ್ನೆ ಕಲ್ಲು ಅಂತ ದಾಟಿ ಹೋಗಬೇಡಿ. 1640ರ ಸುಮಾರಿಗೆ ರಾಜಧಾನಿ ಇಕ್ಕೇರಿಯಿಂದ ಇಲ್ಲಿಗೆ ಬಂತು. ಕರಾವಳಿಗೆ ಇಳಿಯುವ ಹೊಸಂಗಡಿ ಘಾಟಿ ಹತ್ತಿರ, ಮೆಣಸು ಅಕ್ಕಿ ಸಾಗಿಸಲು ಅನುಕೂಲ. 'ಶಿವಪ್ಪ ನಾಯಕನ ಸಿಸ್ತು' ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಆ ಕಂದಾಯ ಲೆಕ್ಕದ ರಾಜ್ಯಕ್ಕೆ ರಾಜಧಾನಿ ಇದೇ ಊರು. ಮಕ್ಕಳಿಗೆ ಅಕ್ಕ-ತಂಗಿ ಕೊಳ ತೋರಿಸಿ. ಕೋಟೆ ಗೋಡೆ ಹತ್ತಿಸಿ.

ಆಮೇಲೆ ಬಸವನಬ್ಯಾಣದ ದೇವಗಂಗೆಗೆ ಹೋಗಿ. ನಗರದಿಂದ ದೂರವೇನಲ್ಲ. ಅಲ್ಲಿ ಒಂದೊಂದೂ ಒಂದೊಂದು ಆಕಾರದ ಏಳು ಕೊಳಗಳಿವೆ. ಗುಡ್ಡದ ನೀರು ವರ್ಷವಿಡೀ ಹರಿದು ಬರುತ್ತದೆ, ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ಅರಸರ ಮನೆಯವರು ಮೀಯಲು, ತಂಪಾಗಿರಲು ಮಾಡಿಸಿಕೊಂಡ ಜಾಗ. ನನ್ನ ಕೇಳಿದರೆ ಅರಮನೆಯಲ್ಲಿ ಈಗಲೂ ಕೆಲಸ ಮಾಡುತ್ತಿರುವ ಭಾಗ ಇದೇ. (ಶಿವಮೊಗ್ಗದ 'ಶಿವಪ್ಪ ನಾಯಕ ಅರಮನೆ'ಯ ಮರದ ಕಂಬ ನೋಡಿದರೆ ನಗರದ್ದೂ ಹೇಗಿದ್ದೀತು ಎಂದು ಊಹಿಸಬಹುದು. ಹೆಸರು ಶಿವಪ್ಪನದಾದರೂ ಆ ಕಟ್ಟಡ ಹೈದರ್ ಕಾಲದ್ದು ಎನ್ನುತ್ತಾರೆ.)

ಕಡೆಗಣನೆಯ ಬಗ್ಗೆ ನೀವು ಹೇಳಿದ್ದು ಸರಿಯೇ. ಆದರೆ ಕೇಳಬೇಕಾದದ್ದು ಕೋಟಿಗಟ್ಟಲೆ ಹಣವನ್ನಲ್ಲ. ಯಾವ ಜಗಲಿ ದರ್ಬಾರಿನದು, ಯಾವುದು ವಾಸದ್ದು ಎಂದು ಕನ್ನಡದಲ್ಲಿ ತೋರಿಸುವ ಒಂದು ನಕ್ಷೆ. ಮಳೆಗಾಲಕ್ಕೆ ಮುಂಚೆ ಕಾಲುವೆ ಬಿಡಿಸುವುದು. ಕಲ್ಲಿನ ಸಂದಿಯ ಗಿಡ ಬೇರು ಬಿಡುವ ಮೊದಲೇ ಕೀಳುವುದು. ಊರಿನ ನಾಲ್ಕು ಹುಡುಗರಿಗೆ ಗೈಡ್ ತರಬೇತಿ. ಇಷ್ಟನ್ನು ಒಂದು ಅರ್ಜಿಯಲ್ಲಿ ಬರೆದು, ಫೋಟೋ ಸಮೇತ ಪುರಾತತ್ವ ಇಲಾಖೆಗೂ ಜಿಲ್ಲಾಧಿಕಾರಿಗಳಿಗೂ ಕಳಿಸಿ. ಅದರ ಒಂದು ಪ್ರತಿ ನಮಗೂ ಕಳಿಸಿದರೆ ಅಚ್ಚು ಹಾಕುತ್ತೇವೆ.

ಇನ್ನೊಮ್ಮೆ ಹೋಗುವುದಾದರೆ ಅಕ್ಟೋಬರ್ ನಂತರ ಹೋಗಿ. ಮಳೆಗಾಲದಲ್ಲಿ ಹಿಡ್ಲುಮನೆ ದಾರಿಯಲ್ಲಿ ಉಂಬಳ (ಜಿಗಣೆ) ಜಾಸ್ತಿ, ಬಂಡೆಯೂ ಜಾರುತ್ತದೆ. ಚಿಕ್ಕ ಮಕ್ಕಳಿದ್ದರೆ ಜಲಪಾತ ಬಿಟ್ಟು ದೇವಗಂಗೆಗೇ ಅರ್ಧ ದಿನ ಇಟ್ಟುಕೊಳ್ಳಿ.