ನೋಡಿದ ಸಿನಿಮಾ ಮತ್ತೆ ಯಾಕೆ ನೋಡಬೇಕು?

ಹಾವೇರಿ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಅವರು ಬರೆದದ್ದು ಇಷ್ಟು: “ನಮ್ಮ ತಂದೆಗೆ 68 ವರ್ಷ. ಟೀವಿಯಲ್ಲಿ ‘ಬಂಗಾರದ ಮನುಷ್ಯ’ ಯಾವಾಗ ಬಂದರೂ ಹೊಲದ ಕೆಲಸ ಬಿಟ್ಟು ಬಂದು ಕೂರುತ್ತಾರೆ. ಮೂವತ್ತು ಸಲವಾದರೂ ನೋಡಿರಬೇಕು. ಪಾತ್ರ ಬಾಯಿ ತೆರೆಯುವ ಮೊದಲೇ ಮಾತು ಇವರ ಬಾಯಲ್ಲಿ ಬರುತ್ತದೆ. ಅಷ್ಟು ನೋಡಿದವರು ಮುಗಿಸಿಯಾದರೂ ಏಳಬೇಕಲ್ಲ? ಕೊನೆಯ ಹತ್ತು ನಿಮಿಷ ಇರುವಾಗ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾರೆ. ಮೊಬೈಲಿನಲ್ಲಿ ಬೇಕಾದಷ್ಟು ಹೊಸ ಸಿನಿಮಾ ಹಾಕಿಕೊಟ್ಟಿದ್ದೇನೆ, ಒಂದನ್ನೂ ನೋಡುವುದಿಲ್ಲ. ಮೂವರು ತಮ್ಮಂದಿರನ್ನು ಓದಿಸಿ ನೌಕರಿಗೆ ಹಚ್ಚಿದ ಬುದ್ಧಿವಂತ ಮನುಷ್ಯ ಅವರು. ಕಥೆ ಗೊತ್ತಿದ್ದೂ ಮತ್ತೆ ಮತ್ತೆ ನೋಡುವುದು ಸುಮ್ನೆ ಕಾಲಹರಣ ಅಲ್ವಾ? ನೀವಾದರೂ ತಿಳಿಸಿ ಹೇಳಿ.”

ತಿಳಿಸಿ ಹೇಳುತ್ತೇನೆ. ಆದರೆ ಹೇಳಬೇಕಾದದ್ದು ನಿಮಗೆ, ತಂದೆಯವರಿಗಲ್ಲ. ಸಿಟ್ಟಾಗಬೇಡಿ.

ನಿಮ್ಮ ಮಾತಿನಲ್ಲಿ ನಿಜ ಇಲ್ಲವೆಂದಲ್ಲ. ಹೊಸಬರು ಸಾಲ ಮಾಡಿ, ಹಗಲುರಾತ್ರಿ ದುಡಿದು ಸಿನಿಮಾ ಮಾಡುತ್ತಾರೆ. ಅವರದನ್ನೂ ನೋಡಬೇಕು. ಒಪ್ಪಿದೆ. ಆದರೆ “ಕಥೆ ಗೊತ್ತಿದ್ದೂ” ಅಂದಿರಲ್ಲ, ಆ ಮಾತು ನನಗೆ ನುಂಗಲಾಗಲಿಲ್ಲ.

ನೀವಿರುವಲ್ಲಿಂದ ಗದಗ ಎಷ್ಟು ದೂರ? ಒಮ್ಮೆ ವೀರನಾರಾಯಣನ ಗುಡಿಗೆ ಹೋಗಿ ಬನ್ನಿ. ಕುಮಾರವ್ಯಾಸ ಇಲ್ಲಿಯೇ ಕೂತು ಭಾರತ ಬರೆದ ಎಂದು ಒಂದು ಕಂಬ ತೋರಿಸುತ್ತಾರೆ. ಆ ಭಾರತವನ್ನು ನಮ್ಮ ಜನ ಎಷ್ಟು ತಲೆಮಾರಿನಿಂದ ಓದಿಸಿ ಕೇಳಿದ್ದಾರೆ! ಕರ್ಣನ ರಥದ ಗಾಲಿ ಹೂಳುತ್ತದೆ ಅನ್ನುವುದು ಕೇಳಲು ಕೂತ ಮುದುಕಿಗೂ ಗೊತ್ತು, ಅವಳ ತೊಡೆಯ ಮೇಲಿನ ಮೊಮ್ಮಗುವಿಗೂ ಗೊತ್ತು. ಗಮಕಿ ಆ ಜಾಗಕ್ಕೆ ಬಂದಾಗ ಕಣ್ಣು ಒರೆಸಿಕೊಳ್ಳದವರು ಯಾರಿದ್ದರು? ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದರೆ ಹೋದ ವರ್ಷ ನೋಡಿದ ನಾಟಕಕ್ಕೇ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತಕ್ಕೆ ಇಡೀ ರಾತ್ರಿ ಕೂರುವವರು, “ಈ ರಾಗ ಹೋದ ವರ್ಷವೇ ಕೇಳಿದ್ದೇವೆ” ಎಂದು ಎದ್ದು ಹೋಗುತ್ತಾರೆಯೇ? 1990ರಲ್ಲಿ ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಬಂತು. ಅದರ ತತ್ವಪದಗಳು ನಿಮ್ಮ ಜಿಲ್ಲೆಯ ಭಜನೆ ಮೇಳಗಳಲ್ಲಿ ಮೊದಲಿನಿಂದಲೂ ಇದ್ದವೇ. ಗೊತ್ತಿದ್ದದ್ದನ್ನು ಮತ್ತೆ ಕೇಳಲಿಕ್ಕೆಂದೇ ಜನ ಟಾಕೀಸಿಗೆ ಹೋದರು.

ಇನ್ನು ‘ಬಂಗಾರದ ಮನುಷ್ಯ’. 1972ರಲ್ಲಿ ಬಂದ ಸಿದ್ದಲಿಂಗಯ್ಯನವರ ಆ ಸಿನಿಮಾ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಎರಡು ವರ್ಷ ದಿನಾ ಹೊಸಬರೇ ಬಂದರು ಅಂದುಕೊಂಡಿರಾ? ನೋಡಿದವರೇ ಮತ್ತೆ ಬಂದರು. ಹೆಂಡತಿಯನ್ನು ಕರೆತಂದರು, ಊರಿಂದ ಬಂದ ಬೀಗರನ್ನು ಕರೆತಂದರು. ನಿಮ್ಮ ವಯಸ್ಸಿನವರೇನು ಕಡಿಮೆ? 1995ರ ‘ಓಂ’ ನೂರಾರು ಸಲ ಮರುಬಿಡುಗಡೆ ಆಯಿತಲ್ಲ, ಅದಕ್ಕೆ ಸೀಟಿ ಹೊಡೆದವರು ನಮ್ಮಂಥ ಮುದುಕರಲ್ಲ.

ಮತ್ತೆ ನೋಡುವುದು ಅಂದರೆ ಏನೆಂದು ನನಗೆ ಕಲಿಸಿದವರು ನಮ್ಮ ಸೋದರತ್ತೆ. ಗದಗಿನಲ್ಲಿ ಇದ್ದರು. ರಜೆಗೆ ಹೋದರೆ ಮ್ಯಾಟ್ನಿಗೆ ಕರೆದೊಯ್ಯುತ್ತಿದ್ದರು. ಕೈಚೀಲದಲ್ಲಿ ಒಂದು ಪೊಟ್ಟಣ ಒಗ್ಗರಣೆ ಚುರುಮುರಿ, ನಾಲ್ಕು ಹಸಿಮೆಣಸಿನಕಾಯಿ. ಒಮ್ಮೆ ‘ಕಸ್ತೂರಿ ನಿವಾಸ’ ತಿರುಗಿ ಬಂದಿತ್ತು. ರೀಲು ಗೀರು ಬಿದ್ದು, ಪರದೆ ಮೇಲೆ ಮಳೆ ಸುರಿದ ಹಾಗೆ ಕಾಣುತ್ತಿತ್ತು. ಎಲ್ಲ ಕಳೆದುಕೊಂಡ ರಾಜಕುಮಾರ್ ಮನೆಗೆ ಜಯಂತಿ ಬರುತ್ತಾರೆ, ಊಟ ಮಾಡುತ್ತಾರೆ. ನಾನು ಚುರುಮುರಿ ತಿನ್ನುತ್ತ ನೋಡುತ್ತಿದ್ದೆ. ಅತ್ತೆ ತಮ್ಮ ಕೈಯಲ್ಲಿದ್ದ ಮುಟಗಿ ಚುರುಮುರಿಯನ್ನು ಮೆಲ್ಲಗೆ ಪೊಟ್ಟಣಕ್ಕೆ ವಾಪಸ್ ಹಾಕಿದರು. “ಯಾಕತ್ತಿ?” ಅಂದೆ. “ಸುಮ್ನ ನೋಡೋ” ಅಂದರು.

ಆಮೇಲೆ ಗೊತ್ತಾಗುತ್ತದೆ. ಆಕೆ ಬಂದದ್ದು ಪಾರಿವಾಳ ಕೇಳಲು. ಇವನು ಆ ಪಾರಿವಾಳ ಮಾರಿಯೇ ಆಕೆಗೆ ಊಟ ತರಿಸಿದ್ದಾನೆ.

ಅದೇ ವಾರ ಅತ್ತೆ ಮತ್ತೆ ಹೊರಟರು. ನಾನೂ ಹೋದೆ. ಈ ಸಲ ಆ ಊಟ ನನ್ನ ಪಾಲಿಗೆ ಬೇರೆಯೇ ಆಗಿತ್ತು. ಆಕೆಯ ಒಂದೊಂದು ತುತ್ತಿಗೂ ನನ್ನ ಗಂಟಲು ಕಟ್ಟಿತು. ನನ್ನ ಕೈಯಲ್ಲಿದ್ದ ಚುರುಮುರಿಯೂ ಪೊಟ್ಟಣಕ್ಕೆ ಹೋಯಿತು. ದೃಶ್ಯ ಅದೇ, ಮಾತು ಅವೇ, ಪರದೆ ಮೇಲಿನ ಆ ಗೀರುಗಳೂ ಅವೇ. ಮೊದಲ ಸಲ ನಾನು ನೋಡಿದ್ದು ‘ಮುಂದೇನು’ ಅಂತ ಮಾತ್ರ. ಕಥೆ ಗೊತ್ತಾದ ಮೇಲೆಯೇ ಸಿನಿಮಾ ಕಾಣಲು ಸುರುವಾಗುವುದು. 1971ರ ಆ ಸಿನಿಮಾವನ್ನು 2014ರಲ್ಲಿ ಬಣ್ಣ ಹಾಕಿ ಬಿಡುಗಡೆ ಮಾಡಿದಾಗ ಮತ್ತೆ ನೋಡಿದೆ. ಊಟದ ದೃಶ್ಯ ಬಂದಾಗ ಅಕ್ಕಪಕ್ಕದವರ ಕೈ ನೋಡಿದೆ. ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿದವರು ಇದ್ದರು. ಅವರು ಮೊದಲೇ ನೋಡಿದವರು ಎಂದು ನನಗೆ ಗೊತ್ತಾಯಿತು.

ಈಗ ಹಾಗೆ ನೋಡಲು ಬಿಡುವವರು ಯಾರು? ಟೀವಿಯವರು ಹಾಡು ಕತ್ತರಿಸುತ್ತಾರೆ, ಅಳು ಬರುವ ಹೊತ್ತಿಗೆ ಸೋಪಿನ ಜಾಹೀರಾತು ತರುತ್ತಾರೆ. ಮೊಬೈಲಿನಲ್ಲಿ ಹತ್ತು ಸೆಕೆಂಡು ಮುಂದಕ್ಕೆ ಓಡಿಸುವ ಗುಂಡಿ ಇದೆ. ಸಿನಿಮಾದಲ್ಲಿ ಯಾರೂ ಮಾತಾಡದೆ ಸುಮ್ಮನೆ ಕೂತಿದ್ದರೆ ನಮ್ಮ ಹುಡುಗರ ಬೆರಳು ಆ ಗುಂಡಿಗೆ ಹೋಗುತ್ತದೆ. ಆ ಸುಮ್ಮನೆ ಕೂತ ಹತ್ತು ಸೆಕೆಂಡಿಗಾಗಿ ನಿರ್ದೇಶಕ ಒಂದು ದಿನ ಕಳೆದಿರುತ್ತಾನೆ. ಹುಬ್ಬಳ್ಳಿ-ಧಾರವಾಡದ ಹಳೇ ಟಾಕೀಸುಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ಬಾಲ್ಕನಿ ಟಿಕೆಟಿಗೆ ದುಡ್ಡಿಲ್ಲದೆ ಗಾಂಧಿ ಕ್ಲಾಸಿನಲ್ಲಿ ಕೂತು ಮೂರು ಸಲ ನೋಡುತ್ತಿದ್ದ ಹಮಾಲರು, ಮಿರ್ಚಿ ಭಜಿ ಅಂಗಡಿಯ ಹುಡುಗರು ಈಗ ಎಲ್ಲಿ ಹೋಗಿ ನೋಡಬೇಕು? ಮಾಲ್‌ನಲ್ಲಿ ಒಂದು ಸಲ ನೋಡುವ ದುಡ್ಡಿಗೆ ಅವರ ಮನೆಯ ವಾರದ ಸಂತೆ ಆಗುತ್ತದೆ.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಕೊಲ್ಹಾಪುರದಲ್ಲಿ ತೆಗೆದದ್ದು, ಸುಬ್ಬಯ್ಯ ನಾಯ್ಡು ಅವರು ನಾಯಕ. ಇವತ್ತು ಅದನ್ನು ನೋಡೋಣ ಅಂದರೆ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಭಾಷೆ ಪರದೆ ಮೇಲೆ ಮೊದಲ ಸಲ ಮಾತಾಡಿದ ಸಿನಿಮಾ ಅದು! ಒಂದು ಸಲ ಓಡಿಸಿ, ದುಡ್ಡು ಎಣಿಸಿ, ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ರೀಲು ಎಷ್ಟು ದಿನ ಬಾಳೀತು? “ಅದನ್ನೇ ಮತ್ತೊಮ್ಮೆ ಹಾಕಿ” ಎಂದು ಕೇಳುವ ಜನ ಇದ್ದರೆ ಮಾತ್ರ ಸಿನಿಮಾ ಉಳಿಯುತ್ತದೆ. ನಿಮ್ಮ ತಂದೆ ಮೂವತ್ತು ಸಲ ಕೂತು ನೋಡಿದ್ದು ಆ ಲೆಕ್ಕಕ್ಕೆ ಸೇರುತ್ತದೆ. ಅದನ್ನು ಕಾಲಹರಣ ಅನ್ನಬೇಡಿ.

ಪುಸ್ತಕದ್ದೂ ಇದೇ ಪಾಡು. “ಹೊಸದೇನಿದೆ?” ಎಂದು ಕೇಳುವವರು ಜಾಸ್ತಿ. ಹಳೆಯದನ್ನು ಎರಡನೇ ಸಲ ಓದಿದೆ ಎಂದು ನನಗೆ ಬರೆಯುವವರು ವರ್ಷಕ್ಕೆ ಇಬ್ಬರು ಸಿಕ್ಕರೆ ಹೆಚ್ಚು. ಆ ಪತ್ರಗಳನ್ನು ನಾನು ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಇನ್ನು ಆ ಹಿತ್ತಲಿನ ಮಾತು. ನೀವು ಅದನ್ನು ವಿಚಿತ್ರ ಅನ್ನುವ ಹಾಗೆ ಬರೆದಿದ್ದೀರಿ. ಆ ಕೊನೆಯ ಭಾಗದಲ್ಲಿ ಏನಿದೆ, ನೆನಪಿಸಿಕೊಳ್ಳಿ. ಅಕ್ಕನ ಸಂಸಾರವನ್ನು ಹೆಗಲ ಮೇಲೆ ಹೊತ್ತು, ಕಲ್ಲುನೆಲವನ್ನು ಹೊಲ ಮಾಡಿದವನು ರಾಜೀವ. ತಾನೇ ಓದಿಸಿದ ಅಕ್ಕನ ಮಗ ಒಂದು ದಿನ ಸಂಶಯಪಟ್ಟು ಮಾತಾಡುತ್ತಾನೆ. ರಾಜೀವ ಏನೂ ಹೇಳದೆ ಮನೆ ಬಿಟ್ಟು ನಡೆಯುತ್ತಾನೆ. ಮೂವರು ತಮ್ಮಂದಿರನ್ನು ಓದಿಸಿದವರು ತಂದೆ ಎಂದು ನೀವೇ ಬರೆದಿದ್ದೀರಿ. ಆ ತಮ್ಮಂದಿರು ಈಗ ಊರಿಗೆ ಬರುತ್ತಾರೋ ಇಲ್ಲವೋ ನೀವು ಬರೆದಿಲ್ಲ.

ನಮ್ಮ ಅತ್ತೆಯೂ ಆ ಜಾಗಕ್ಕೆ ಎದ್ದುಬಿಡುತ್ತಿದ್ದರು. “ಅಂವ ಹೋಗೂದ್ ನಾ ನೋಡಂಗಿಲ್ಲಪಾ, ನೀ ನೋಡಿ ಬಾ” ಎಂದು ಹೊರಗೆ ಸೈಕಲ್ ಸ್ಟ್ಯಾಂಡ್ ಹತ್ತಿರ ನಿಂತಿರುತ್ತಿದ್ದರು.

ಮುಂದಿನ ಸಲ ಸಿನಿಮಾ ಬಂದಾಗ ಮೊಬೈಲು ಒಳಗಿಟ್ಟು ತಂದೆಯವರ ಪಕ್ಕ ಕೂರಿ. ಅವರು ಎದ್ದಾಗ ನೀವೂ ಎದ್ದು ಹಿತ್ತಲಿಗೆ ಹೋಗಿ. ಒಳಗೆ ಟೀವಿ ಹಾಗೇ ಇರಲಿ, ಆರಿಸಬೇಡಿ.