ಗಾಡಿ ಪಂಚಾಯ್ತಿ: ಡಿಸ್ಟ್ರಿಬ್ಯೂಟರ್ ತುದಿ ಮುಟ್ಟಿದರೆ ಬೆಲ್ಟ್ ನೋಡಿ

ಪ್ರಶ್ನೆ: ನನ್ನದು 1998ರ ಮಾರುತಿ ಓಮ್ನಿ, ಕಾರ್ಬುರೇಟರ್ ಗಾಡಿ. ಹುತ್ತರಿ ಮುಗಿದ ವಾರ, ಕಾಫಿ ಕೊಯ್ಲು ಶುರುವಾಗುವ ಮೊದಲು ಟೈಮಿಂಗ್ ಬೆಲ್ಟ್ ನಾನೇ ಬದಲಿಸಿದೆ. ಮೊದಲು ಸ್ಟಾರ್ಟೇ ಆಗಲಿಲ್ಲ, ಆದ ಮೇಲೆ ಐಡ್ಲಿಂಗ್ ಸ್ಥಿರವಾಗಲಿಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ, ಅದರ ಬೋಲ್ಟ್ ಸ್ಲಾಟಿನ ತುದಿಗೆ ಬಂದಾಗ ಸರಿಯಾಯಿತು. ಈಗ ಗೋಣಿಕೊಪ್ಪ ರಸ್ತೆಯ ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡುತ್ತದೆ. ತೋಟದ ಏರಿನಲ್ಲಿ ನಾಲ್ಕು ಚೀಲ ಕಾಫಿ ಹಾಕಿದರೆ ಫಸ್ಟ್ ಗೇರಲ್ಲೂ ಎಳೆಯುವುದಿಲ್ಲ. ಬೆಳಿಗ್ಗೆ ಚಳಿಗೆ ಕಾರ್ಬುರೇಟರಿನಲ್ಲಿ ಟಪ್ ಟಪ್ ಅನ್ನುತ್ತದೆ. ಕಾರ್ಬುರೇಟರ್ ಬಿಚ್ಚಿ ತೊಳೆದೆ, ಮೂರೂ ಪ್ಲಗ್ ಹೊಸದು ಹಾಕಿದೆ. ಎತ್ತರದ ಊರು, ಗಾಳಿ ತೆಳು, ಅದಕ್ಕೇ ಹೀಗೆ ಅನ್ನುತ್ತಾರೆ ಪಕ್ಕದ ತೋಟದವರು. ಹೌದೇ ಅಣ್ಣಾ?
*ಬೆಳೆಗಾರರೊಬ್ಬರು, ಶ್ರೀಮಂಗಲ*

ಉತ್ತರ: ಬೆಲ್ಟ್ ಬದಲಿಸುವ ಹಿಂದಿನ ದಿನವೂ ಶ್ರೀಮಂಗಲ ಅಷ್ಟೇ ಎತ್ತರದಲ್ಲಿತ್ತಲ್ಲ? ಪಕ್ಕದ ತೋಟದವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತಿದ್ದು ‘ಸ್ಲಾಟಿನ ತುದಿಗೆ ಬಂದಾಗ’ ಅನ್ನುವಲ್ಲಿ.

ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟಿನಿಂದ. ಆ ಕ್ಯಾಮನ್ನು ಕೆಳಗಿನ ಕ್ರ್ಯಾಂಕ್ ಶಾಫ್ಟ್ ತಿರುಗಿಸುವುದು ಟೈಮಿಂಗ್ ಬೆಲ್ಟಿನ ಮೂಲಕ. ಕ್ಯಾಮ್ ಹಿಂದೆ ಬಿದ್ದರೆ ಕಿಡಿಯೂ ಅಷ್ಟೇ ಹಿಂದೆ ಬೀಳುತ್ತದೆ. ನೀವು ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿಡಿಯನ್ನು ಮುಂದಕ್ಕೆ ತಂದಿರಿ, ಐಡ್ಲಿಂಗ್ ಸ್ಥಿರವಾಯಿತು. ವಾಲ್ವುಗಳು ಮಾತ್ರ ಈಗಲೂ ತಡವಾಗಿಯೇ ತೆರೆದು ತಡವಾಗಿಯೇ ಮುಚ್ಚುತ್ತಿವೆ. ನಿಧಾನ ತಿರುಗುವಾಗ, ಅಂದರೆ ಏರಿನಲ್ಲಿ, ಒಳಗೆ ಎಳೆದ ಪೆಟ್ರೋಲ್ ಗಾಳಿಯಲ್ಲಿ ಒಂದು ಪಾಲು ವಾಪಸ್ ಕಾರ್ಬುರೇಟರಿಗೇ ಹೋಗುತ್ತದೆ. ಜೋರಾಗಿ ಓಡಿಸುವಾಗ ಅಷ್ಟು ಗೊತ್ತಾಗುವುದಿಲ್ಲ. ನಿಮ್ಮ ಗಾಡಿಯ ಲಕ್ಷಣ ಅದೇ.

ಬೆಲ್ಟ್ ಕೂರಿಸುವಾಗ ಪುಲ್ಲಿಯ ಒಂದು ಹಲ್ಲು ತಪ್ಪಿದರೆ ಏನಾದೀತು ಅನ್ನಬೇಡಿ. ಕ್ರ್ಯಾಂಕ್ ಪುಲ್ಲಿಯಲ್ಲಿ 20 ಹಲ್ಲಿದ್ದರೆ ಒಂದು ಹಲ್ಲಿಗೆ ಕ್ರ್ಯಾಂಕಿನ 18 ಡಿಗ್ರಿ.

ನಾನೂ ಇದೇ ಕೆಲಸ ಮಾಡಿದವನೇ. ಗ್ಯಾರೇಜು ಹಾಕಿದ ಎರಡನೇ ವರ್ಷ, ವಿರಾಜಪೇಟೆಯ ಗಿರಾಕಿಯ ಮಾರುತಿ 800ಕ್ಕೆ ಬೆಲ್ಟ್ ಹಾಕಿ, ಡಿಸ್ಟ್ರಿಬ್ಯೂಟರ್ ಎಳೆದು ಕೂರಿಸಿ, ‘ಫಸ್ಟ್ ಕ್ಲಾಸ್ ಆಗಿದೆ’ ಎಂದು ಕೀ ಕೊಟ್ಟೆ. ಇರಿಟ್ಟಿಗೆ ಮದುವೆಗೆ ಹೋದವರು ವಾಪಸ್ ಬರುವಾಗ ಮಾಕುಟ್ಟ ಘಾಟಿಯಲ್ಲಿ ಹೆಂಗಸರನ್ನೆಲ್ಲ ಇಳಿಸಿ ನಡೆಸಿದರಂತೆ. ಆಮೇಲೆ ಆ ಮನೆಯ ಅಜ್ಜಿ ನನಗೆ ಅಂದದ್ದನ್ನು ಪತ್ರಿಕೆಯಲ್ಲಿ ಬರೆಯಲಾಗದು.

ಈಗ ಕೆಲಸಕ್ಕೆ ಬನ್ನಿ. ಸೀಟು ಎತ್ತಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಮೂರೂ ಪ್ಲಗ್ ತೆಗೆಯಿರಿ. ಪ್ಲಗ್ ಇಲ್ಲದಿದ್ದರೆ ಎಂಜಿನ್ ಕೈಗೆ ಹಗುರ. ಬೆಲ್ಟಿನ ಕವರ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಪಾನ (ಸ್ಪ್ಯಾನರ್) ಕೊಟ್ಟು, ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ ಗುರುತು ನೋಡಿ. ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಗುರುತು ಸರಿಯಾಗಿ ಕೂತಾಗ ಮೇಲಿನ ಕ್ಯಾಮ್ ಪುಲ್ಲಿಯದು ಒಂದು ಹಲ್ಲು ಹಿಂದೆ ಇರುತ್ತದೆ, ನನ್ನ ಪಂಥ. ಮೇಲಿನ ಗುರುತು ಆಸುಪಾಸಿನಲ್ಲೇ ಇಲ್ಲದಿದ್ದರೆ ಕೆಳಗೆ ಇನ್ನೊಂದು ಸುತ್ತು ತಿರುಗಿಸಿ ಮತ್ತೆ ನೋಡಿ, ಕೆಳಗೆ ಎರಡು ಸುತ್ತಿಗೆ ಮೇಲೆ ಒಂದೇ ಸುತ್ತು. ಕೆಳಗಿನ ಪುಲ್ಲಿಯಲ್ಲಿ ಕೀ ಕೂರುವ ಸೀಳನ್ನೇ ಗುರುತು ಅಂದುಕೊಂಡವರನ್ನೂ ಕಂಡಿದ್ದೇನೆ, ಹುಷಾರು. ಗುರುತು ದಾಟಿ ಹೋದರೆ ಹಿಂದಕ್ಕೆ ತಿರುಗಿಸಬೇಡಿ, ಇನ್ನೆರಡು ಸುತ್ತು ಮುಂದಕ್ಕೇ ಬನ್ನಿ.

ತಪ್ಪಿದ್ದು ಎಲ್ಲಿ? ಬೆಲ್ಟ್ ಹಾಕುವಾಗ ಟೆನ್ಷನರ್ (ಬೆಲ್ಟನ್ನು ಒತ್ತಿ ಬಿಗಿ ಹಿಡಿಯುವ ಪುಲ್ಲಿ) ಇಲ್ಲದ ಕಡೆ ಬೆಲ್ಟ್ ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರಬೇಕು. ನೀವು ಹಾಕುವಾಗ ಬಿಗಿ ಇರಬೇಕಾದ ಕಡೆ ಒಂದಿಷ್ಟು ಸಡಿಲ ಉಳಿದಿದೆ. ಕ್ರ್ಯಾಂಕ್ ತಿರುಗಿದಾಗ ಮೊದಲು ಆ ಸಡಿಲವನ್ನು ಎಳೆದುಕೊಂಡಿತು, ಆಮೇಲೆ ಕ್ಯಾಮ್ ಅಲ್ಲಾಡಿತು. ಈ ಸಲ ಎರಡೂ ಗುರುತು ಕೂಡಿಸಿ ಬೆಲ್ಟ್ ಕೂರಿಸಿ, ಟೆನ್ಷನರಿನ ಬೋಲ್ಟ್ ಸಡಿಲ ಇರುವಾಗಲೇ ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಸ್ಪ್ರಿಂಗ್ ತಾನಾಗಿ ಎಳೆದುಕೊಳ್ಳಲಿ, ಆಮೇಲೆ ಟೈಟ್ ಮಾಡಿ. ಗುರುತು ಮತ್ತೆ ನೋಡದೆ ಕವರ್ ಹಾಕಬೇಡಿ. ತಿರುಗಿಸುವಾಗ ಕಲ್ಲಿಗೆ ತಾಗಿದ ಹಾಗೆ ಗಟ್ಟಿ ನಿಂತರೆ ಅಲ್ಲಿಗೇ ನಿಲ್ಲಿಸಿ, ಪೈಪ್ ಹಾಕಿ ಜಗ್ಗಬೇಡಿ.

ಕೊನೆಗೆ ಡಿಸ್ಟ್ರಿಬ್ಯೂಟರನ್ನು ಸ್ಲಾಟಿನ ನಡುವೆ ತನ್ನಿ. ನಡುವಿನ ಆಸುಪಾಸಿನಲ್ಲೇ ಗಾಡಿ ಸ್ಟಾರ್ಟ್ ಆದರೆ ಬೆಲ್ಟ್ ಬಹುಶಃ ಸರಿ ಕೂತಿದೆ ಎಂದು ಅರ್ಥ. ನಿಖರವಾಗಿ ಕೂರಿಸಲು ಟೈಮಿಂಗ್ ಲೈಟ್ ಇರುವವರ ಹತ್ತಿರ ಹೋಗಿ. ಇಷ್ಟಾಗಿಯೂ ಎಳೆಯದಿದ್ದರೆ ಕಂಪ್ರೆಷನ್, ಅಂದರೆ ಮೂರೂ ಸಿಲಿಂಡರಿನ ಒತ್ತಡ, ನೋಡಿಸಿ. ಮೂರರಲ್ಲೂ ಒಂದೇ ಸಮ ಕಡಿಮೆ ಬಂದರೆ ಟೈಮಿಂಗ್ ಮೇಲೆ ಇನ್ನೂ ಅನುಮಾನ ಇಡಿ. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ವಾಲ್ವೋ ರಿಂಗೋ ನೋಡಬೇಕು, ಹೆಡ್ ಬಿಚ್ಚುವ ಖರ್ಚು ಬರಬಹುದು. ಕಾರ್ಬುರೇಟರ್ ಪಾಪ, ಅದನ್ನು ಮತ್ತೆ ಬಿಚ್ಚಬೇಡಿ.

ಪ್ರಶ್ನೆ: ಟೈಮಿಂಗ್ ಬೆಲ್ಟ್ ಹೊಸದು ಹಾಕಿದ ಮೇಲೆ ರೇಸ್ ಕೊಟ್ಟಷ್ಟೂ ಕುಂಯ್ ಎಂದು ಶಬ್ದ. ಬೆಲ್ಟಿಗೆ ಸ್ವಲ್ಪ ಗ್ರೀಸ್ ಹಚ್ಚಲೇ?
*ಓದುಗರು, ಸೋಮವಾರಪೇಟೆ*

ಉತ್ತರ: ಹಚ್ಚಲೇಬೇಡಿ. ಎಣ್ಣೆ, ಗ್ರೀಸ್ ತಾಗಿದ ರಬ್ಬರ್ ಬೇಗ ಹಾಳಾಗುತ್ತದೆ. ಮೊದಲು ಫ್ಯಾನ್ ಬೆಲ್ಟ್ ಕಳಚಿ ಅರ್ಧ ನಿಮಿಷ ಮಾತ್ರ ಸ್ಟಾರ್ಟ್ ಮಾಡಿ ಕೇಳಿ. ಶಬ್ದ ನಿಂತರೆ ಅದು ಫ್ಯಾನ್ ಬೆಲ್ಟಿನದೋ ಆಲ್ಟರ್ನೇಟರ್ ಬೇರಿಂಗಿನದೋ ಇರಬಹುದು. ನಿಲ್ಲದಿದ್ದರೆ ಟೈಮಿಂಗ್ ಬೆಲ್ಟ್ ತೀರಾ ಬಿಗಿಯಾಗಿದೆ, ಇಲ್ಲವೇ ಟೆನ್ಷನರ್ ಬೇರಿಂಗ್ ಒಣಗಿದೆ. ಹೊಸ ಬೆಲ್ಟಿನ ಜೊತೆ ಹಳೇ ಟೆನ್ಷನರನ್ನೇ ಹಾಕಿದ್ದೀರಾ? ಹಾಗಿದ್ದರೆ ಅದನ್ನು ಬದಲಿಸಿ.